ಯಶವಂತಪುರದಲ್ಲಿ ರೋಮಿನ ದೇವಿ

ದೀಪಾವಳಿ ಪೂಜೆಗೆ ಲಕ್ಷ್ಮಿಯ ಬೆಳ್ಳಿ ನಾಣ್ಯ ಇಡುವ ಪದ್ಧತಿ ಫ್ಲೂಗರ್‌ವಿಲ್‌ವರೆಗೂ ನಮ್ಮ ಜೊತೆ ಬಂದಿದೆ. ಅದರ ಮೇಲೆ ಹೆಸರು ಬೇಕಿಲ್ಲ. ಕೈಯ ಕಮಲ ಕಂಡರೆ ಮಕ್ಕಳೂ ಲಕ್ಷ್ಮಿಯೆಂದು ಗುರುತಿಸುತ್ತಾರೆ.

ರೋಮನ್ನರ ಬೆಳ್ಳಿ ನಾಣ್ಯಗಳನ್ನು ಓದುವ ಬಗೆಯೂ ಇದೇ. ಅವು ನಮ್ಮ ಬೆಂಗಳೂರಿನಲ್ಲೇ ಸಿಕ್ಕಿವೆ! 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163, 1965ರಲ್ಲಿ ಎಚ್.ಎ.ಎಲ್. ಬಳಿ 256.

ಇವುಗಳಲ್ಲಿ ಚಕ್ರವರ್ತಿ ಟೈಬೀರಿಯಸ್‌ನ (ಕ್ರಿ.ಶ. 14–37) ನಾಣ್ಯಗಳೂ ಇದ್ದವು. ಆತನ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಬೆಳ್ಳಿ ನಾಣ್ಯದ ಒಂದು ಬದಿಗೆ ದೊರೆಯ ಮುಖ, ಇನ್ನೊಂದು ಬದಿಗೆ ಪೀಠದಲ್ಲಿ ಕುಳಿತ ಹೆಣ್ಣು. ಸುತ್ತಲಿನ ಅಕ್ಷರಗಳು ದೊರೆಯ ಮಹಾಪುರೋಹಿತ ಪದವಿಯನ್ನು ಹೇಳುತ್ತವೆಯೇ ಹೊರತು ಅವಳ ಹೆಸರನ್ನಲ್ಲ. ಒಂದು ಕೈಯಲ್ಲಿ ರಾಜದಂಡ, ಮತ್ತೊಂದರಲ್ಲಿ ಆಲಿವ್ ಕೊಂಬೆ. ಆದ್ದರಿಂದ ಅವಳು ಶಾಂತಿದೇವತೆ ಪ್ಯಾಕ್ಸ್ ಎನ್ನುತ್ತಾರೆ. ಆ ರೂಪದಲ್ಲಿರುವುದು ದೊರೆಯ ತಾಯಿ ಲಿವಿಯಾ ಎಂದು ಹೇಳುವವರೇ ಹೆಚ್ಚು. ಅರಮನೆಯ ಅಧಿಕಾರಕ್ಕೆ ದೈವದ ಮೆರುಗು ಕೊಡುವ ಜಾಣ್ಮೆ ಇದು. ಶಾಂತಿಯ ಜೊತೆಗೇ ದಂಡವೂ ಇರುವುದನ್ನು ಗಮನಿಸಿ.

ಈಗ ಜೇಬಿನಲ್ಲಿರುವ ರೂಸ್‌ವೆಲ್ಟ್ ಡೈಮನ್ನು ತಿರುಗಿಸಿ ನೋಡಿ. ನಡುವೆ ಪಂಜು, ಪಕ್ಕದಲ್ಲಿ ಅದೇ ಆಲಿವ್ ಕೊಂಬೆ. ದೇವಿ ಮರೆಯಾದರೂ ಅವಳ ಕೈಯ ಗುರುತು ಇನ್ನೂ ಚಲಾವಣೆಯಲ್ಲಿದೆ.