ಮೀನಿನ ತೊಟ್ಟಿಯಲ್ಲಿ ಹವಳವನ್ನು ಬೆಳೆಸುವ ಮುನ್ನ

ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು ತೆರೆದ ಮೇಲೆ, ಊರಿನಿಂದ ಬಂದ ಬಂಧುಗಳನ್ನು ಅಲ್ಲಿಗೆ ಕರೆದೊಯ್ದು ಗಾಜಿನ ಹಿಂದಿನ ಕಡಲನ್ನು ತೋರಿಸಿದ ಕನ್ನಡಿಗರು ಅನೇಕರು. ಇಂದು ಅಂತಹ ತೊಟ್ಟಿಗಳು ಹೋಟೆಲುಗಳ ಮುಂಭಾಗಕ್ಕೂ ಕಚೇರಿಗಳ ಪಡಸಾಲೆಗೂ ಬಂದಿವೆ. ಉಪ್ಪುನೀರಿನ ಮೀನುಗಳನ್ನು ಕೆಲಕಾಲ ಸಾಕಿದವರಿಗೆ ಅದೇ ತೊಟ್ಟಿಯಲ್ಲಿ ಹವಳವನ್ನೂ ಬೆಳೆಸುವ ಆಸೆ ಹುಟ್ಟುವುದು ಸಹಜ. ಆಸೆ ಮಾಲೀಕರದಾದರೂ ಶ್ರಮ ಬೀಳುವುದು ದಿನವೂ ಆ ಗಾಜನ್ನು ಒರೆಸುವ ಕೆಲಸಗಾರನ ಮೇಲೆ. ಆದುದರಿಂದ ಈ ಪರಿವರ್ತನೆಯ ಮರ್ಮವನ್ನು ಅವನೂ ಅರಿತಿರಬೇಕು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಅದರ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ನೆಲೆಸಿದ್ದು, ಬೆಳಕಿನಿಂದ ಆಹಾರವನ್ನು ತಯಾರಿಸಿ ತನ್ನ ಒಡೆಯನಿಗೂ ಪಾಲು ಕೊಡುತ್ತದೆ. ಮೀನುಗಳ ಅಂದವನ್ನು ತೋರಿಸಲು ಸಾಕಾಗುವ ದೀಪವು ಈ ಪಾಚಿಗೆ ಸಾಲದು. ಹಾಗೆಂದು ಪ್ರಖರವಾದ ದೀಪವನ್ನು ಒಮ್ಮೆಲೇ ಹಚ್ಚುವುದೂ ತಪ್ಪು. ಕೆಲವು ವಾರಗಳ ಅವಧಿಯಲ್ಲಿ ಬೆಳಕನ್ನು ಕ್ರಮವಾಗಿ ಏರಿಸಬೇಕು. ಬೆಳಕಾಗಲಿ ಶಾಖವಾಗಲಿ ಮಿತಿಮೀರಿದರೆ ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳಗಳಿಗೆ ಒದಗಿದ ದುರವಸ್ಥೆ ಇದೇ. ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರುವುದು ಲೇಸು.

ಎರಡನೆಯದು ಉಪ್ಪಿನ ಪ್ರಮಾಣ. ಮೀನು ಮಾತ್ರವಿರುವ ತೊಟ್ಟಿಗಳಲ್ಲಿ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.020ರ ಆಸುಪಾಸಿನಲ್ಲಿ ಇಡುವ ವಾಡಿಕೆಯುಂಟು. ಹವಳಕ್ಕೆ ನಿಜವಾದ ಕಡಲಿನಂತೆ 1.025 ಬೇಕು. ದಿನಕ್ಕೆ 0.001ಕ್ಕಿಂತ ಹೆಚ್ಚು ಏರಿಸದೆ ನಿಧಾನವಾಗಿ ಮುಟ್ಟತಕ್ಕದ್ದು. ಅಡುಗೆಯ ಉಪ್ಪು ಇಲ್ಲಿ ಪ್ರಯೋಜನಕ್ಕೆ ಬಾರದು. ಹವಳವು ತನ್ನ ಅಸ್ಥಿಯನ್ನು ಕಟ್ಟಲು ಲೀಟರಿಗೆ 400 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಬೇಕು. ಅದರ ಜೊತೆಗೆ ಮೆಗ್ನೀಸಿಯಂ ಮತ್ತು ಕ್ಷಾರವೂ ಅಗತ್ಯ. ಇವೆಲ್ಲ ಸೇರಿದ ಸಮುದ್ರ ಲವಣವನ್ನೇ ಶೋಧಿಸಿದ ನೀರಿನಲ್ಲಿ ಕರಗಿಸಬೇಕು.

ಮೂರನೆಯ ಸಂಗತಿಯೇ ಅತ್ಯಂತ ಗಂಭೀರವಾದುದು. ಮೀನುಗಳಿಗೆ ಬಿಳಿ ಚುಕ್ಕೆಯ ರೋಗ ಬಂದಾಗ ತಾಮ್ರದ ಔಷಧಿಯನ್ನು ಹಾಕುವುದುಂಟು. ತಾಮ್ರದ ಪಾತ್ರೆಯ ನೀರನ್ನು ಪವಿತ್ರವೆಂದು ನಂಬಿದ ನಮಗೆ ಆಶ್ಚರ್ಯವಾದೀತು: ಮೀನು ತಾಳಿಕೊಳ್ಳುವ ಅಷ್ಟೇ ತಾಮ್ರವು ಹವಳಕ್ಕೂ ಸಿಗಡಿಗೂ ಪ್ರಾಣಾಂತಕ ವಿಷ. ನೀರನ್ನು ಬದಲಿಸಿದ ಮಾತ್ರಕ್ಕೆ ಅದು ತೊಲಗದು. ಮರಳು ಮತ್ತು ಕಲ್ಲುಗಳು ಅದನ್ನು ಹೀರಿಕೊಂಡಿದ್ದು ಅನಂತರ ಮೆಲ್ಲಮೆಲ್ಲನೆ ಬಿಡುತ್ತವೆ. ಅಂತಹ ಔಷಧಿ ಬಿದ್ದ ತೊಟ್ಟಿಯ ಕಲ್ಲುಮರಳನ್ನು ಪೂರ್ಣವಾಗಿ ಬದಲಿಸಿ, ತಾಮ್ರದ ಪರೀಕ್ಷೆ ನಡೆಸಿದ ಹೊರತು ಮುಂದುವರಿಯಬಾರದು.

ಇನ್ನು ಕೊಳೆಯ ವಿಚಾರ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಾಣುಗಳು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೇಟನ್ನು ಮೀನು ಬಹುಮಟ್ಟಿಗೆ ಸಹಿಸಬಲ್ಲುದು. ಹವಳಕ್ಕಾದರೋ ಲೀಟರಿಗೆ 10 ಮಿಲಿಗ್ರಾಮಿನೊಳಗೆ ಇರುವುದು ಕ್ಷೇಮ. ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಜೀವಾಣುಗಳು ತುಂಬಿದ ಕಡಲ ಕಲ್ಲು ಮತ್ತು ಗಾಳಿಯ ಗುಳ್ಳೆಗಳೇ ಈ ಶುದ್ಧಿಕಾರ್ಯಕ್ಕೆ ಆಧಾರವೆಂದು ತೋರಿಸಿದರು. ಈಗ ಕಡಲಿನ ದಿಬ್ಬವನ್ನು ಒಡೆಯದೆ, ರಂಧ್ರಗಳುಳ್ಳ ಒಣಕಲ್ಲಿನಲ್ಲಿಯೇ ಸೂಕ್ಷ್ಮಾಣುಗಳನ್ನು ನೆಲೆಗೊಳಿಸಬಹುದು. ಇಡ್ಲಿಯ ಹಿಟ್ಟು ಹುದುಗುವುದನ್ನು ಕಾಯಬಲ್ಲ ಹೋಟೆಲಿನವನಿಗೆ ಈ ತಾಳ್ಮೆಯನ್ನು ಬೇರೆ ಕಲಿಸಬೇಕಿಲ್ಲ. ಇಲ್ಲಿ ಒಂದು ರಾತ್ರಿಯ ಬದಲು ಹಲವು ವಾರಗಳಾಗುತ್ತವೆ, ಅಷ್ಟೆ.

ತೊಟ್ಟಿಯ ಹಳೆಯ ನಿವಾಸಿಗಳೆಲ್ಲರೂ ಉಳಿಯಲಾರರು. ಚಿಟ್ಟೆಮೀನುಗಳಲ್ಲಿ ಹಲವು ಜಾತಿಗಳು ಹವಳವನ್ನೇ ತಿನ್ನುತ್ತವೆ; ಟ್ರಿಗರ್ ಮೀನು, ಪಫರ್ ಮೀನು, ದೊಡ್ಡ ಏಂಜಲ್ ಮೀನುಗಳನ್ನೂ ನಂಬುವಂತಿಲ್ಲ. ಕ್ಲೌನ್ ಮೀನು, ಗೋಬಿ ಮೊದಲಾದವು ಸಾಧುಗಳು. ಹೊರಡಬೇಕಾದ ಮೀನುಗಳಿಗೆ ಮತ್ತೊಂದು ತೊಟ್ಟಿಯನ್ನು ಮೊದಲೇ ಗೊತ್ತುಮಾಡಬೇಕು. ಅವನ್ನು ಚರಂಡಿಗೋ ಕಡಲಿಗೋ ಎಸೆಯುವುದು ನಿರ್ದಯವಷ್ಟೇ ಅಲ್ಲ, ಕಡಲಿಗೆ ರೋಗವನ್ನು ಹರಡುವ ದಾರಿಯೂ ಹೌದು.

ಎಲ್ಲಕ್ಕಿಂತ ಮಿಗಿಲಾಗಿ ಕಾನೂನನ್ನು ಮರೆಯಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳು, ಕರಿಹವಳ, ಕಡಲಬೀಸಣಿಗೆ ಮೊದಲಾದವು ಸೇರಿದವು. ಅದೇ ಅನುಸೂಚಿಯಲ್ಲಿ ಹುಲಿಗೂ ಸ್ಥಾನವುಂಟು ಎಂದರೆ ರಕ್ಷಣೆ ಎಷ್ಟು ಬಿಗಿಯಾದುದೆಂಬುದು ತಿಳಿಯುತ್ತದೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯ ದಡದ ಹವಳಗಳನ್ನು ಸ್ಥಳಾಂತರಿಸಲು ಮುಂಬಯಿಯ ಮಹಾನಗರಪಾಲಿಕೆಯೇ ಅನುಮತಿ ಪಡೆಯಬೇಕಾಯಿತು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿಯ ಹವಳಕ್ಕೂ ಇದೇ ಕಾಯಿದೆಯ ರಕ್ಷಣೆಯುಂಟು. ಹವಳದ ಜಾತಿಯನ್ನೂ ಮೂಲವನ್ನೂ ತೋರಿಸುವ ಕಾಗದಪತ್ರವಿಲ್ಲದೆ ಅಂಗಡಿಯವನ ಮಾತನ್ನು ನಂಬಿ ಕೊಳ್ಳಬಾರದು. ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸುವುದೇ ಸರಿ. ತಪ್ಪು ನಡೆದರೆ ಹಣ ಕೊಟ್ಟ ಮಾಲೀಕನ ಜೊತೆಗೆ ಬಕೆಟ್ಟು ಹೊತ್ತು ತಂದ ಹುಡುಗನೂ ಉತ್ತರ ಹೇಳಬೇಕಾದೀತು.

ಅನುಮತಿ, ದೀಪ, ನೀರು, ಸಮಯ ಇವುಗಳಲ್ಲಿ ಒಂದು ಇಲ್ಲದಿದ್ದರೂ ಮೀನಿನ ತೊಟ್ಟಿಯನ್ನು ಮೀನಿನ ತೊಟ್ಟಿಯಾಗಿಯೇ ಇಟ್ಟುಕೊಳ್ಳುವುದು ಉತ್ತಮ. ಅದರಲ್ಲಿ ಯಾವ ಕುಂದೂ ಇಲ್ಲ. ಮಾಲೀಕರು ಅವಸರಪಟ್ಟರೆ ಈ ಮಾತುಗಳನ್ನು ವಿನಯದಿಂದ ಅವರ ಮುಂದಿಡುವ ಅಧಿಕಾರ, ತೊಟ್ಟಿಯನ್ನು ಪ್ರತಿದಿನ ನೋಡಿಕೊಳ್ಳುವವನಿಗೆ ಇದ್ದೇ ಇದೆ.