‘ಎಲ್ಲಾ ಚೆನ್ನಾಗಿದೆ’ ಎಂಬ ಮಾತು ಸಾಕ್ಷ್ಯವಲ್ಲ: ಊರಿನ ಮನೆಗೊಂದು ಲೆಕ್ಕಪರಿಶೋಧನೆ



ಚಾರ್ಟರ್ಡ್ ಅಕೌಂಟೆಂಟ್ ವೇದಿಕೆ ಹತ್ತಿದರೆ ಎನ್‌ಆರ್‌ಇ ಖಾತೆ, ಸೈಟು, ತೆರಿಗೆ ಎಂದು ನೀವು ನಿರೀಕ್ಷಿಸುವುದು ಸಹಜ. ಇವತ್ತಿನ ವಿಷಯ ಮನೆಯೊಳಗಿನ ಅಪಘಾತ. ನಾನು ವೈದ್ಯನಲ್ಲ, ಎಲೆಕ್ಟ್ರಿಷಿಯನ್ನೂ ಅಲ್ಲ. ಆದರೆ ಇಂಥ ಅಪಘಾತಗಳ ಬಿಲ್ಲು ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ.

ಇಲ್ಲಿ ಕೊಲ್ಲಿಯಲ್ಲಿ ದುಡಿಯುವ ಒಬ್ಬರು ಊರಿನ ಆಸ್ಪತ್ರೆ ಬಿಲ್ಲುಗಳ ಕಟ್ಟು ತಂದಿದ್ದರು. ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಊರಿನ ಬಾಡಿಗೆ ಆದಾಯದ ತೆರಿಗೆಯಲ್ಲಿ ಇದನ್ನು ಕಳೆಯಬಹುದೇ ಎಂಬುದು ಅವರ ಪ್ರಶ್ನೆ. ಹಳೆಯ ತೆರಿಗೆ ಪದ್ಧತಿಯಲ್ಲಿ, ಆರೋಗ್ಯ ವಿಮೆ ಇಲ್ಲದ ಹಿರಿಯ ನಾಗರಿಕ ತಂದೆತಾಯಿಯ ಚಿಕಿತ್ಸೆಗೆ ವರ್ಷಕ್ಕೆ ಗರಿಷ್ಠ 50,000 ರೂಪಾಯಿ ಕಡಿತವಿದೆ. ಆ ಹಣವನ್ನು ನಗದಾಗಿ ಕೊಟ್ಟಿರಬಾರದು. ಅವರು ಬಹುಪಾಲು ನಗದಾಗಿಯೇ ಕೊಟ್ಟಿದ್ದರು. ತುರ್ತು ಟಿಕೆಟ್, ಸಂಬಳವಿಲ್ಲದ ರಜೆ, ಮನೆಗೆ ಬರುವ ಆಯಾ, ಇವಕ್ಕೆ ತೆರಿಗೆ ಕಾನೂನಿನಲ್ಲಿ ಅಂಕಣವೇ ಇಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇತ್ತೇ ಎಂದು ಕೇಳಿದೆ. “ಅಮ್ಮ ಯಾವಾಗ ಕೇಳಿದರೂ ಎಲ್ಲಾ ಚೆನ್ನಾಗಿದೆ ಅಂತಿದ್ದರು ಸಾರ್” ಎಂದರು.

ನನಗೆ ಮುಖ್ಯವೆನಿಸುವುದು ಈ ಉತ್ತರ. ಕಂಪನಿಯ ಆಡಳಿತ ಮಂಡಳಿ ‘ಎಲ್ಲಾ ಸರಿಯಿದೆ’ ಎಂದು ಬರೆದುಕೊಟ್ಟರೂ ಅದೊಂದೇ ಸಾಕಾಗುವಷ್ಟು ಸಾಕ್ಷ್ಯವಲ್ಲ ಎಂದು ನಮ್ಮ ಲೆಕ್ಕಪರಿಶೋಧನಾ ಮಾನದಂಡ 580 ಹೇಳುತ್ತದೆ. ಗೋದಾಮಿನ ಸರಕು ದೊಡ್ಡದಿದ್ದರೆ ಎಣಿಕೆಯ ದಿನ ನಾವೇ ಹೋಗಿ ನಿಲ್ಲಬೇಕು. ಹೆತ್ತವರು ಸುಳ್ಳು ಹೇಳುತ್ತಾರೆಂದಲ್ಲ. ಮಗ ದೂರದಲ್ಲಿದ್ದಾನೆ, ಚಿಂತೆ ಯಾಕೆ ಕೊಡಬೇಕು ಎಂಬ ಪ್ರೀತಿ ಅದು. ಹಾಗಾಗಿ ಊರಿಗೆ ಹೋಗುವ ಮೂವತ್ತು ದಿನಗಳಲ್ಲಿ ಅರ್ಧ ದಿನವನ್ನು ಮನೆಯ ಭೌತಿಕ ಪರಿಶೀಲನೆಗೆ ಇಡಿ. ಮದುವೆ, ಗೃಹಪ್ರವೇಶಗಳ ಓಡಾಟ ಶುರುವಾಗುವ ಮೊದಲೇ, ಮೊದಲ ವಾರದಲ್ಲೇ. ಕೊನೆಯ ವಾರಕ್ಕೆ ಬಿಟ್ಟರೆ ಪ್ಲಂಬರ್ ಸಿಗುವುದಿಲ್ಲ.

ಬಚ್ಚಲಿನಿಂದ ಶುರುಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳ ಸಾವಿನಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಅತಿ ಹೆಚ್ಚು ಸಾಯುವವರು ಅರುವತ್ತು ದಾಟಿದವರು. ನಮ್ಮ ದುಡ್ಡಿನಲ್ಲಿ ಕಟ್ಟಿದ ಹೊಸ ಮನೆಗಳಲ್ಲಿ ಹೊಳೆಯುವ ಟೈಲ್ಸ್ ಹಾಕಿಸುವುದೇ ಗೌರವ. ಹಳೆಯ ಮನೆಯ ಒರಟು ಕಲ್ಲುಚಪ್ಪಡಿಯ ಮೇಲೆ ಕಾಲಿಗೆ ಹಿಡಿತವಿತ್ತು. ಟೈಲ್ಸ್ ಕಿತ್ತು ಹಾಕಿ ಎನ್ನುತ್ತಿಲ್ಲ. ಕಮೋಡಿನ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಗೋಡೆಗೆ ಭದ್ರವಾಗಿ ಕೊರೆದು ಕೂರಿಸಿದ ಸ್ಟೀಲ್ ಹಿಡಿಕೆ, ಜಾರದ ಮ್ಯಾಟ್, ಕುಳಿತು ಸ್ನಾನ ಮಾಡಲು ಗಟ್ಟಿ ಸ್ಟೂಲ್, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ಇಷ್ಟಾದರೂ ಇರಲಿ. ಟವೆಲ್ ಹಾಕುವ ಸರಳನ್ನು ಹಿಡಿಕೆ ಎಂದು ನಂಬಬೇಡಿ, ಅದು ಮನುಷ್ಯನ ಭಾರ ತಡೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ನೀವೇ ಒಮ್ಮೆ ಕನ್ನಡಕವಿಲ್ಲದೆ ಆ ದಾರಿಯಲ್ಲಿ ನಡೆದು ನೋಡಿ.

ಬಚ್ಚಲಿನಲ್ಲೇ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗೆ ಹಾಕಿಸಿ, ಇದರಲ್ಲಿ ಚೌಕಾಸಿ ಬೇಡ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅನಿಲ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಜೀವ ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ.

ಅಡುಗೆಮನೆಯಲ್ಲಿ ನನ್ನಂಥವನಿಗೆ ಇಷ್ಟವಾಗುವ ಸಂಗತಿಯೆಂದರೆ ಎಲ್ಲದರ ಮೇಲೂ ತಾರೀಖು ಇರುತ್ತದೆ. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ‘ಬಿ-27’ ಎಂದಿದ್ದರೆ 2027ರ ಜೂನ್ ಅಂತ್ಯದೊಳಗೆ ಅದರ ಮರುಪರೀಕ್ಷೆ ಆಗಬೇಕು. ದಿನ ಕಳೆದದ್ದು ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸಲು ಅಮ್ಮನಿಗೆ ಹೇಳಿಕೊಡಿ. ರಬ್ಬರ್ ಪೈಪಿನ ಆಯುಷ್ಯ ಐದು ವರ್ಷ. ಅದರ ಮೇಲೂ ದಿನಾಂಕವಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಂಡು ಕೂರುತ್ತದೆ. ವಾಸನೆ ಬಂದಾಗ ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಮನೆಯಿಂದ ಹೊರಬಂದು 1906ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿ, ಒಲೆಯ ಪಕ್ಕದಲ್ಲಲ್ಲ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. 30 ಮಿಲಿಆಂಪಿಯರಿನದು ಮನೆಗೆ ಬೇಕೇಬೇಕು. ಅದರ ಟೆಸ್ಟ್ ಬಟನ್ ಒತ್ತಿದರೆ ತಟ್ಟನೆ ಬೀಳಬೇಕು. ಬೀಳದಿದ್ದರೆ ಅದು ಅಲಂಕಾರಕ್ಕಿದೆ ಎಂದರ್ಥ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಲಿ.

ಇನ್ನು ನಮ್ಮದೇ ರೂಮುಗಳು. ಇಲ್ಲಿಯ ಚೌಕ ಪಿನ್ನಿನ ಸಾಕೆಟ್ಟಿನೊಳಗೆ ಒಂದು ಸಣ್ಣ ಮುಚ್ಚಳವಿದೆ. ಅರ್ಥ್ ಪಿನ್ ಒಳಹೋದಾಗ ಮಾತ್ರ ಅದು ತೆರೆಯುತ್ತದೆ. ಊರಿನಿಂದ ತಂದ ಎರಡು ಪಿನ್ನಿನ ಚಾರ್ಜರ್ ತೂರಿಸಲು ಪೆನ್ನಿನಿಂದ ಅದನ್ನು ಒತ್ತುವ ವಿದ್ಯೆ ಎಲ್ಲ ರೂಮಿನಲ್ಲೂ ಒಬ್ಬರಿಗಾದರೂ ಗೊತ್ತಿರುತ್ತದೆ. ದಯವಿಟ್ಟು ಮರೆತುಬಿಡಿ. ಒಂದೇ ಎಕ್ಸ್‌ಟೆನ್ಷನ್‌ಗೆ ಕೆಟಲ್, ಇಸ್ತ್ರಿಪೆಟ್ಟಿಗೆ, ಅನ್ನದ ಕುಕ್ಕರ್ ಮೂರನ್ನೂ ಸಿಕ್ಕಿಸಬೇಡಿ. ಆರು ಜನ ಮಲಗುವ ಕೋಣೆಯ ಬಾಗಿಲಿಗೆ ಸೂಟ್‌ಕೇಸುಗಳು ಅಡ್ಡ ಇರಬಾರದು.

ಕೊನೆಗೆ ಕಾಗದಪತ್ರ, ಇದು ನನ್ನ ಕ್ಷೇತ್ರ. ಅಡುಗೆ ಅನಿಲದ ಅಪಘಾತಗಳಿಗೆ ತೈಲ ಕಂಪನಿಗಳು ಗುಂಪು ವಿಮೆ ಮಾಡಿಸಿರುತ್ತವೆ, ಗ್ರಾಹಕರು ಪ್ರತ್ಯೇಕ ಕಂತು ಕಟ್ಟಬೇಕಿಲ್ಲ. ಸಾವಾದರೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ ಗರಿಷ್ಠ 2 ಲಕ್ಷ, ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ. ಆದರೆ ಆಸ್ತಿ ನಷ್ಟದ ಪರಿಹಾರ ಸಿಗುವುದು ಗ್ರಾಹಕರ ನೋಂದಾಯಿತ ವಿಳಾಸದ ಮನೆಗೆ ಮಾತ್ರ. ತೀರಿಕೊಂಡ ತಂದೆಯ ಹೆಸರಿನಲ್ಲೇ ಸಂಪರ್ಕ, ಹಳೆಯ ಮನೆಯ ವಿಳಾಸ, ಸಿಲಿಂಡರ್ ಮಾತ್ರ ಹೊಸ ಮನೆಯಲ್ಲಿ, ಇದು ನಮ್ಮವರಲ್ಲಿ ಎಷ್ಟು ಮನೆಗಳ ಕಥೆ! ರಜೆಯಲ್ಲಿ ವಿತರಕರ ಕಚೇರಿಗೆ ಹೋಗಿ ಹೆಸರು, ವಿಳಾಸ ಬದಲಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ ಮಾತ್ರ. ಅದರ ವರ್ಷ ಜೂನ್ 1ರಿಂದ ಮೇ 31. ನವೀಕರಣದ ಹೊತ್ತಿಗೆ ಖಾತೆಯಲ್ಲಿ ಹಣ ಇರಬೇಕು. ಎಪ್ಪತ್ತು ದಾಟಿದ ತಂದೆತಾಯಿಗೆ ಅದು ಆಗುವುದಿಲ್ಲ, ಅವರಿಗೆ ಆ ಬಚ್ಚಲಿನ ಹಿಡಿಕೆಯೇ ಗತಿ.

ಚಹಾದ ವಿರಾಮದಲ್ಲಿ ಹಿಂದಿನ ಮೇಜಿನ ಬಳಿ ಇರುತ್ತೇನೆ. ಗ್ಯಾಸ್ ಪುಸ್ತಕದ ಫೋಟೊ ಫೋನಿನಲ್ಲಿದ್ದರೆ ತನ್ನಿ, ಯಾರ ಹೆಸರಿನಲ್ಲಿದೆ ಎಂದು ಅಲ್ಲೇ ನೋಡೋಣ.