ಉಸಿರು ಹೇಳುವ ಹೊಟ್ಟೆಯ ಸುದ್ದಿ: ಯೂರಿಯಾ ಉಸಿರು ಪರೀಕ್ಷೆ

ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರು ಬಹಳ ಮಂದಿ. ಮಾತ್ರೆಯಿಂದ ಉರಿ ತಗ್ಗುತ್ತದೆ, ಆದರೆ ಹುಣ್ಣಿಗೆ ಕಾರಣವಾದ ಬ್ಯಾಕ್ಟೀರಿಯಾ ಜಠರದಲ್ಲಿ ಹಾಗೆಯೇ ಕುಳಿತಿರಬಹುದು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಅವರಿಗೂ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದು ಬಹುಕಾಲ ಉಳಿದರೆ ಕೆಲವರಲ್ಲಿ ಜಠರದ ಕ್ಯಾನ್ಸರ್‌ಗೂ ದಾರಿಯಾಗುತ್ತದೆ.

ಇದನ್ನು ಪತ್ತೆ ಮಾಡಲು ಎಂಡೋಸ್ಕೋಪಿಯೇ ಆಗಬೇಕೆಂದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚೀಲದೊಳಗೆ ಉಸಿರು ಊದಿಸಿಕೊಳ್ಳುತ್ತಾರೆ. ಬಳಿಕ ಸ್ವಲ್ಪ ಯೂರಿಯಾ ಬೆರೆಸಿದ ದ್ರವ ಕುಡಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಆ ಯೂರಿಯಾದಲ್ಲಿರುವುದು ಕಾರ್ಬನ್-13, ಸಾಮಾನ್ಯ ಕಾರ್ಬನ್‌ಗಿಂತ ಕೊಂಚ ಭಾರದ್ದು. ಮಂಡಿಯಲ್ಲಿ ಚೀಲಕ್ಕೆ ಗುರುತು ಹಾಕಿ ಕಳಿಸಿದ ಹಾಗೆ! ಬ್ಯಾಕ್ಟೀರಿಯಾ ಇದ್ದರೆ ತನ್ನ ಕಿಣ್ವದಿಂದ ಯೂರಿಯಾವನ್ನು ಒಡೆಯುತ್ತದೆ. ಗುರುತಿನ ಕಾರ್ಬನ್ ಇಂಗಾಲದ ಡೈ ಆಕ್ಸೈಡ್ ಆಗಿ, ರಕ್ತದ ಮೂಲಕ ಶ್ವಾಸಕೋಶ ಸೇರಿ, ಎರಡನೇ ಚೀಲದಲ್ಲಿ ಹೆಚ್ಚಾಗಿ ಕಾಣುತ್ತದೆ. ಕಾರ್ಬನ್-13ಕ್ಕೆ ವಿಕಿರಣವಿಲ್ಲ. ಕಾರ್ಬನ್-14 ಬಳಸುವ ಪರೀಕ್ಷೆಯೂ ಇದೆ, ಅದರಲ್ಲಿ ಅತ್ಯಲ್ಪ ವಿಕಿರಣ ಇರುವುದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನು ಮಾಡುವುದಿಲ್ಲ.

ಹಾಲು ಜೀರ್ಣವಾಗದವರಿಗೆ ಲ್ಯಾಕ್ಟೋಸ್ ಕುಡಿಸಿ ಉಸಿರಿನ ಹೈಡ್ರೋಜನ್ ಅಳೆಯುವುದೂ ಇದೇ ಜಾಡಿನದು. ಕೇಳುವ ಪ್ರಶ್ನೆ ಒಂದೇ ಆದ್ದರಿಂದ ಉತ್ತರ ಸ್ಪಷ್ಟ. ಏನೂ ಕುಡಿಸದೆ ಬರೀ ಉಸಿರು ನೋಡಿ ರೋಗ ಹೇಳುವುದು ಕಷ್ಟದ ಕೆಲಸ. ಲೈನಸ್ ಪಾಲಿಂಗ್ ತಂಡ 1971ರಲ್ಲೇ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನು ಕಂಡಿತ್ತು. ಅವುಗಳಲ್ಲಿ ಯಾವುದು ರೋಗದ್ದು, ಯಾವುದು ತಿಂದ ಊಟದ್ದು? ಅಸಿಟೋನನ್ನೇ ನೋಡಿ. ಸಕ್ಕರೆ ಕಾಯಿಲೆ ಹದ್ದು ಮೀರಿದಾಗ ಅದು ಏರುತ್ತದೆ, ಉಪವಾಸ ಮಾಡಿದ ಆರೋಗ್ಯವಂತರಲ್ಲೂ ಏರುತ್ತದೆ. ಹೀಗಾಗಿ ಉಸಿರು ಊದಿ ಸಕ್ಕರೆ ತಿಳಿಯುತ್ತದೆಂಬ ಜಾಹೀರಾತು ಕಂಡು ರಕ್ತಪರೀಕ್ಷೆ ನಿಲ್ಲಿಸಬಾರದು.

ಯೂರಿಯಾ ಪರೀಕ್ಷೆಗೆ ಹೋಗುವವರು ಎಡವುವುದು ಒಂದೇ ಕಡೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಆಸಿಡ್ ಮಾತ್ರೆಗಳನ್ನು ಎರಡು ವಾರ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮಂಕಾಗಿ, ಇದ್ದರೂ ಇಲ್ಲವೆಂದು ವರದಿ ಬರಬಹುದು. ಆದರೆ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಬಿಡುವಂತಿಲ್ಲ. ಚಿಕಿತ್ಸೆ ಮುಗಿಸಿದವರೂ ಕನಿಷ್ಠ ನಾಲ್ಕು ವಾರ ಕಳೆದು ಮತ್ತೊಮ್ಮೆ ಊದಿ ನೋಡಬೇಕು. ರಕ್ತದ ಆಂಟಿಬಾಡಿ ಪರೀಕ್ಷೆ ಇದಕ್ಕೆ ಸಾಲದು. ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ.